ಮರಗಟ್ಟಿಸುವ ಸಿಬಿಡಿ ಜೆಲ್ ಚರ್ಮ ಕೆರಳಿಸುತ್ತದಾ? ನೋಡುವುದು ಹೀಗೆ

ಗಾಂಜಾ ಗಿಡದಿಂದ ಬರುವ ಕ್ಯಾನಬಿಡಿಯಾಲ್ (ಸಿಬಿಡಿ) ಜೊತೆ ಮರಗಟ್ಟಿಸುವ ಔಷಧಿ ಲಿಡೊಕೇನ್ ಇರುವ ಜೆಲ್‌ನಲ್ಲಿ ಒಂದು ತೊಡಕಿದೆ. ಜಾಗ ಮರಗಟ್ಟಿದ್ದರೆ ಉರಿಯುವಂಥದ್ದು ಆಗಿದ್ದರೂ ಪ್ರಾಣಿಗೆ ಗೊತ್ತಾಗದೆ ಹೋಗಬಹುದು, ಅಲ್ವಾ? ಹಾಗಾಗಿ ಪರೀಕ್ಷೆಗೆ ಜೆಲ್ ಹಚ್ಚಿದ ಮೊಲ ಸುಮ್ನೆ ಕೂತಿದೆ ಅಂದಮಾತ್ರಕ್ಕೆ ಜೆಲ್ ಪಾಸ್ ಅಂತ ಬರೆಯಬೇಡಿ. ಚರ್ಮ ನೋಡಿ.

ಪ್ರಾಣಿ ಮುಟ್ಟುವ ಮೊದಲು ಜೆಲ್ ಎಷ್ಟು ಆಮ್ಲ, ಎಷ್ಟು ಕ್ಷಾರ ಅಂತ ಹೇಳುವ ಪಿಎಚ್ ಅಳೆಯಿರಿ. 2 ಅಥವಾ ಕಡಿಮೆ, 11.5 ಅಥವಾ ಜಾಸ್ತಿ ಬಂದರೆ ಅಲ್ಲಿಗೇ ನಿಲ್ಲಿಸಿ. ಲ್ಯಾಬಿನಲ್ಲಿ ಬೆಳೆಸಿದ ಮನುಷ್ಯರ ಚರ್ಮದ ಪದರದ ಮೇಲೆ ಮಾಡುವ ಒಇಸಿಡಿ 439 (ಒಇಸಿಡಿ ಅಂದರೆ ಇಂಥ ಪರೀಕ್ಷೆಗಳಿಗೆ ಮಾರ್ಗಸೂಚಿ ಕೊಡುವ ಅಂತರರಾಷ್ಟ್ರೀಯ ಸಂಸ್ಥೆ) ಪರೀಕ್ಷೆಯಲ್ಲೇ ಉತ್ತರ ಸಿಕ್ಕರೆ ಮೊಲದ ತಂಟೆಗೇ ಹೋಗಬೇಡಿ. ಆಮೇಲೂ ಬೇಕು ಅಂದರೆ ನೈತಿಕ ಸಮಿತಿಯ ಒಪ್ಪಿಗೆ, ಪಶುವೈದ್ಯರು, ಪಳಗಿದ ಕೈ ಇರುವ ಲ್ಯಾಬ್ ಬೇಕು. ಮನೆಯ ನಾಯಿ ಬೆಕ್ಕಿಗೆ ಹಚ್ಚಿ ನೋಡುವ ಕೆಲಸ ಇದಲ್ಲ.

ಮೊಲದ ಚರ್ಮದ ಪರೀಕ್ಷೆಯ ಮಾರ್ಗಸೂಚಿ ಒಇಸಿಡಿ 404ರ ಪ್ರಕಾರ ಹಿಂದಿನ ದಿನವೇ ಬಿಳಿ ಮೊಲದ ಬೆನ್ನಿನ ಕೂದಲು ಕತ್ತರಿಸಿ, ಗೀರು ಬೀಳಬಾರದು. ಸುಮಾರು 6 ಚದರ ಸೆಂ.ಮೀ. ಜಾಗಕ್ಕೆ 0.5 ಗ್ರಾಂ ಜೆಲ್, ಮೇಲೆ ಗಾಜ್ ಬಟ್ಟೆ, ಗಾಳಿ ಆಡುವ ಪಟ್ಟಿ. ನೆಕ್ಕಲು ಬಿಡಬೇಡಿ, ಲಿಡೊಕೇನ್ ಹೊಟ್ಟೆಗೆ ಹೋದರೆ ಅಪಾಯ. 4 ಗಂಟೆ ಆದಮೇಲೆ ನೀರಿನಲ್ಲಿ ಮೆಲ್ಲಗೆ ಒರೆಸಿ. ಮೊದಲು ಒಂದೇ ಮೊಲ. ಚರ್ಮ ಸುಡದಿದ್ದರೆ ಮಾತ್ರ ಇನ್ನೊಂದೆರಡು.

ಪಕ್ಕದಲ್ಲೇ ಸಿಬಿಡಿ, ಲಿಡೊಕೇನ್ ಎರಡೂ ಇಲ್ಲದ ಖಾಲಿ ಜೆಲ್‌ನ ಪ್ಯಾಚ್ ಹಾಕಿ. ನನ್ನ ಪ್ರಕಾರ ಇದಿಲ್ಲದ ಪರೀಕ್ಷೆ ದಂಡ, ಯಾಕೆಂದರೆ ಎಲ್ಲರೂ ಸಿಬಿಡಿಯನ್ನು ಬೈದು ಮುಗಿಸಿದ ಮೇಲೆ ಕೆಂಪು ಮಾಡಿದ್ದು ಜೆಲ್ ಕಲೆಸಲು ಹಾಕಿದ ದ್ರವ ಪ್ರೊಪಿಲೀನ್ ಗ್ಲೈಕಾಲ್ ಅಂತ ಗೊತ್ತಾಗುವುದುಂಟು.

ಪ್ಯಾಚ್ ತೆಗೆದ 1, 24, 48, 72 ಗಂಟೆಗೆ ಕೆಂಪಿಗೂ ಊತಕ್ಕೂ ಬೇರೆಬೇರೆಯಾಗಿ 0ರಿಂದ 4ರವರೆಗೆ ಅಂಕ ಕೊಡಿ. ಚರ್ಮ ಸುಮಾರು 1 ಮಿ.ಮೀ. ಎದ್ದಿದ್ದರೆ ಊತಕ್ಕೆ 3, ಅದಕ್ಕೂ ಜಾಸ್ತಿ ಎದ್ದು ಪ್ಯಾಚ್ ಜಾಗದ ಆಚೆಗೂ ಹರಡಿದ್ದರೆ 4. ಅಂಕ ಕೊಡುವವರಿಗೆ ಯಾವ ಪ್ಯಾಚ್ ಯಾವುದು ಅಂತ ಗೊತ್ತಿರಬಾರದು. ಮರಗಟ್ಟಿಸುವ ಔಷಧಿ ರಕ್ತನಾಳಗಳನ್ನು ಹಿಗ್ಗಿಸಲೂಬಹುದು, ಕುಗ್ಗಿಸಲೂಬಹುದು, ಅದಕ್ಕೇ ಮೊದಲ ಗಂಟೆಯ ಬಣ್ಣವನ್ನಷ್ಟೇ ನೋಡಿ ತೀರ್ಮಾನಕ್ಕೆ ಬರಬೇಡಿ. ಗಿಡದ ಸಾರದ ಹಸಿರು ಕಲೆ ಉಳಿದಿದ್ದರೆ ಕೆಂಪು ಕಾಣುವುದೇ ಕಷ್ಟ, ಅದನ್ನೂ ಬರೆದಿಡಿ.

72 ಗಂಟೆಗೂ ಆರದಿದ್ದರೆ 14 ದಿನದವರೆಗೆ ನೋಡಬೇಕು. ಇದು ಒಂದು ಸಲ ಹಚ್ಚಿದ ಲೆಕ್ಕ ಅಷ್ಟೇ. ದಿನಾ ಹಚ್ಚುವ ಜೆಲ್ ಆದರೆ ಮತ್ತೆಮತ್ತೆ ಹಚ್ಚಿ ನೋಡುವ ಪರೀಕ್ಷೆ ಬೇರೆ, ಅಲರ್ಜಿಯದ್ದು ಇನ್ನೂ ಬೇರೆ.