ಬಲೂನೋ, ಪೋಯೆಮೋ: ಅಕಲೇಸಿಯಾ ಚಿಕಿತ್ಸೆಯಲ್ಲಿ ನನ್ನ ಅನುಭವ

ಉಳ್ಳಾಲದಿಂದ ಬಂದ ಆ ಅಮ್ಮನಿಗೆ ಕುಚಲಕ್ಕಿ ಗಂಜಿಯೂ ಎದೆಯಲ್ಲೇ ನಿಲ್ಲುತ್ತಿತ್ತು. ಒಂದೊಂದು ತುತ್ತಿಗೂ ಅರ್ಧ ಲೋಟ ನೀರು. ಆಮೇಲೆ ಎದ್ದು ನಿಂತು, ಬೆನ್ನು ನೆಟ್ಟಗೆ ಮಾಡಬೇಕು. ಬೆಳಗ್ಗೆ ಎದ್ದರೆ ದಿಂಬಿನ ಮೇಲೆ ರಾತ್ರಿಯ ಅನ್ನ. "ಗ್ಯಾಸ್ಟ್ರಿಕ್ ಅಂತ ಎರಡು ವರ್ಷ ಮಾತ್ರೆ ತಿಂದೆ ಡಾಕ್ಟ್ರೇ" ಎಂದರು. ಮಂಗಳೂರಿನ ನನ್ನ ಓಪಿಡಿಯಲ್ಲಿ ಈ ಮಾತು ಎಷ್ಟು ಸಲ ಕೇಳಿದ್ದೇನೋ!

ಅಕಲೇಸಿಯಾದಲ್ಲಿ ಅನ್ನನಾಳದ ನರಕೋಶಗಳು ಸತ್ತಿರುತ್ತವೆ. ನುಂಗಿದಾಗ ಕೆಳಗಿನ ಬಿಗಿ ಸ್ನಾಯು ಸಡಿಲ ಆಗುವುದಿಲ್ಲ. ಸತ್ತ ನರವನ್ನು ನಾವು ಯಾರೂ ಬದುಕಿಸಲಾರೆವು, ಬಾಗಿಲನ್ನು ಮಾತ್ರ ತೆರೆಯಬಲ್ಲೆವು.

ಬಾಗಿಲು ತೆರೆಯಲು, ಸ್ನಾಯುವನ್ನು ಸಡಿಲಿಸುವ ಬೊಟಾಕ್ಸ್ ಚುಚ್ಚುಮದ್ದು ಸುಲಭ. 100 ಯೂನಿಟ್ ಅನ್ನು ನಾಲ್ಕು ಕಡೆ ಹಂಚಿ ಚುಚ್ಚಿದರೆ ಆಯಿತು. ಆದರೆ ಕೆಲವು ತಿಂಗಳಲ್ಲಿ ಅದರ ಶಕ್ತಿ ಇಳಿಯುತ್ತದೆ. ಅರಿವಳಿಕೆ ತಡೆಯದ ವಯಸ್ಸಾದವರಿಗಷ್ಟೇ ಕೊಡುತ್ತೇನೆ.

ಇನ್ನೊಂದು ದಾರಿ, ಬಿಗಿ ಸ್ನಾಯುವಿನ ಜಾಗದಲ್ಲಿ ಬಲೂನು ಇಟ್ಟು ಉಬ್ಬಿಸಿ ಹಿಗ್ಗಿಸುವುದು. 30 ಮಿಲಿಮೀಟರ್ ಅಗಲದ ಬಲೂನಿನಿಂದ ಶುರು ಮಾಡುತ್ತೇವೆ. ಸಾಲದಿದ್ದರೆ 35, ಆಮೇಲೆ 40. ಎಕ್ಸ್‌ರೇ ಪರದೆಯಲ್ಲಿ ಬಲೂನಿಗೆ ಸೊಂಟ ಕಟ್ಟಿದ ಹಾಗೆ ಕಾಣುತ್ತದೆ. ಆ ಸೊಂಟ ಮಾಯವಾದರೆ ಸ್ನಾಯು ಬಿಟ್ಟಿತು ಎಂದರ್ಥ. ನಾಳ ಹರಿದೀತು ಎಂಬ ಭಯ ಪ್ರತಿ ಸಲವೂ ಇದ್ದೇ ಇರುತ್ತದೆ.

ಪೋಯೆಮ್ ಎಂದರೆ ಬಾಯಿಯಿಂದ ಎಂಡೋಸ್ಕೋಪ್ ಇಳಿಸಿ, ಒಳಗಿನಿಂದಲೇ ಆ ಸ್ನಾಯು ಕತ್ತರಿಸುವ ಆಪರೇಷನ್. ಅದನ್ನು ಮನುಷ್ಯರಲ್ಲಿ ಮೊದಲು ಮಾಡಿದವರು ಜಪಾನಿನ ಹರುಹಿರೋ ಇನೌವೆ, 2008ರಲ್ಲಿ. ಒಳಪದರದ ಕೆಳಗೆ ನೀಲಿ ದ್ರವ ತುಂಬಿಸಿ, ಸಣ್ಣ ಸೀಳು ಮಾಡಿ ಸ್ಕೋಪ್ ಒಳಗೆ ನುಗ್ಗಿಸುತ್ತೇವೆ. ಎದುರಿಗೆ ನೀಲಿ ನೀರಲ್ಲಿ ನೆನೆದ ಜೇಡರ ಬಲೆಯಂಥ ಎಳೆಗಳು. ಒಂದೊಂದನ್ನೇ ಕತ್ತರಿಸುತ್ತಾ ಸುರಂಗ ಕೊರೆಯಬೇಕು. ಜಠರದ ಬಾಯಿ ಹತ್ತಿರ ಬಂದಾಗ ಸುರಂಗ ಇಕ್ಕಟ್ಟಾಗಿ, ದಾಟಿದ ಕೂಡಲೇ ಅಗಲ ಆಗುತ್ತದೆ. ಆ ಕ್ಷಣ ನನ್ನ ಉಸಿರೂ ಸಡಿಲ ಆಗುತ್ತದೆ. ಆಮೇಲೆ ಸ್ನಾಯು ಕತ್ತರಿಸಿ, ಸೀಳಿಗೆ ಕ್ಲಿಪ್ ಹಾಕಿ ಮುಚ್ಚುವುದು.

ಅಕಲೇಸಿಯಾದಲ್ಲಿ ಮೂರು ಬಗೆ. ಮೂರನೇ ಬಗೆಯಲ್ಲಿ ಸೆಳೆತ ಮೇಲಿನ ನಾಳದಲ್ಲೂ ಇರುತ್ತದೆ. ಬಲೂನು ಬಾಗಿಲನ್ನಷ್ಟೇ ತೆರೆಯುತ್ತದೆ. ಪೋಯೆಮ್‌ನಲ್ಲಿ ಬೇಕಾದಷ್ಟು ಉದ್ದ ಕತ್ತರಿಸಬಹುದು. ಅದಕ್ಕೇ ಮೊದಲು ಮ್ಯಾನೋಮೆಟ್ರಿ (ಬಗೆ ಯಾವುದೆಂದು ತಿಳಿಯಲು ಅನ್ನನಾಳದ ಒತ್ತಡ ಅಳೆಯುವ ಪರೀಕ್ಷೆ) ಮಾಡಿಸಿ ಎಂದು ಹಟ ಹಿಡಿಯುತ್ತೇನೆ.

2019ರಲ್ಲಿ ಬಂದ ಅಧ್ಯಯನವೊಂದರಲ್ಲಿ ಎರಡು ವರ್ಷದ ಬಳಿಕ ಪೋಯೆಮ್ 92 ಶೇಕಡಾ ಮಂದಿಗೆ ಫಲ ಕೊಟ್ಟಿತ್ತು, ಬಲೂನು 54. ಆದರೆ ಅಲ್ಲಿ ಬಲೂನು 35ಕ್ಕೇ ನಿಂತಿತ್ತು. ತೆರೆದ ಬಾಗಿಲಿನಿಂದ ಮೇಲೆ ಬಂದ ಜಠರದ ಆಸಿಡ್‌ನಿಂದ ಅನ್ನನಾಳ ಸುಟ್ಟವರು ಪೋಯೆಮ್‌ನಲ್ಲಿ 41 ಶೇಕಡಾ, ಬಲೂನಿನಲ್ಲಿ 7.

ಆ ಸುಡುವಿಕೆಯನ್ನು ನಾನು ಕಣ್ಣಾರೆ ಕಂಡಿದ್ದೇನೆ. ಪೋಯೆಮ್ ಆದ ನನ್ನ ಒಬ್ಬ ರೋಗಿ ಚೆನ್ನಾಗಿ ನುಂಗುತ್ತಿದ್ದೇನಲ್ವಾ ಅಂತ ಆಸಿಡ್ ಇಳಿಸುವ ಮಾತ್ರೆ ಬಿಟ್ಟುಬಿಟ್ಟರು. ಬರುವಾಗ ಅನ್ನನಾಳದ ತುಂಬ ಹುಣ್ಣು. ನಾನು ಬಿಡಿಸಿ ಹೇಳಿರಲಿಲ್ಲ, ತಪ್ಪು ನನ್ನದೇ. ಈಗ ಆಪರೇಷನ್‌ಗೆ ಒಪ್ಪುವ ಮೊದಲೇ ಮನೆಯವರನ್ನೂ ಕೂರಿಸಿ ಹೇಳುತ್ತೇನೆ.

ಉಳ್ಳಾಲದ ಅಮ್ಮನಿಗೂ ಎಲ್ಲ ಹೇಳಿದೆ. ಅವರದು ಎರಡನೇ ಬಗೆ, ಬಲೂನೂ ನಡೆಯುತ್ತಿತ್ತು. "ಪದೇ ಪದೇ ಬರ್ಲಿಕ್ಕೆ ಆಗುದಿಲ್ಲ ಡಾಕ್ಟ್ರೇ" ಎಂದು ಪೋಯೆಮ್ ಆರಿಸಿಕೊಂಡರು. ಮೂರು ತಿಂಗಳ ಬಳಿಕ ಎಂಡೋಸ್ಕೋಪಿ ಮಾಡಿದೆ, ಹುಣ್ಣು ಇಲ್ಲ. ಬೆಳಗ್ಗೆ ಗಂಜಿಗೆ ಅರ್ಧ ಗಂಟೆ ಮೊದಲು ಮಾತ್ರೆ ತಪ್ಪಿಸುತ್ತಿಲ್ಲವಂತೆ.