ಕನ್ನಡ ಶಾಲೆಯಲ್ಲಿ ಮೈ, ಮುಟ್ಟು, ಸುರಕ್ಷತೆಯ ಪಾಠ ಮಾಡುವುದು ಹೇಗೆ

ಈ ವಿಷಯ ಬಂದಾಗ ಎಷ್ಟೋ ಶಾಲೆಗಳಲ್ಲಿ ನಡೆಯುವುದು ಒಂದೇ. ವರ್ಷಕ್ಕೊಮ್ಮೆ ಡಾಕ್ಟರೊಬ್ಬರನ್ನು ಕರೆಸುವುದು, ಆರು, ಏಳನೇ ಕ್ಲಾಸಿನ ಹುಡುಗಿಯರನ್ನಷ್ಟೇ ಒಂದು ಕೋಣೆಯಲ್ಲಿ ಕೂರಿಸುವುದು, ಬಾಗಿಲು ಹಾಕಿ ಒಂದು ತಾಸು ಭಾಷಣ, ಕೊನೆಗೆ ಫೋಟೊ. ಹುಡುಗಿಯರಿಗೆ ನಾಚಿಕೆ ಹೆಚ್ಚಾಗುತ್ತದೆ, ಹುಡುಗರು ಹೊರಗೆ ಕಿಸಕ್ಕೆಂದು ನಗುತ್ತಾರೆ. ಆ ಡಾಕ್ಟರನ್ನು ಮಕ್ಕಳು ಮತ್ತೆ ನೋಡುವುದೂ ಇಲ್ಲ. ನಾಳೆ ಏನಾದರೂ ಆದರೆ ಮಗು ಹೇಳಿಕೊಳ್ಳಬೇಕಾದ್ದು ದಿನಾ ಕಾಣುವ ಅಕ್ಕೋರಿಗೆ, ಮಾಸ್ತರಿಗೆ ಅಲ್ವಾ? ಹಾಗಾಗಿ ಪಾಠವನ್ನೂ ನೀವೇ ಮಾಡಿ. ಒಂದನೇ ಕ್ಲಾಸಿನಿಂದಲೇ ಶುರು ಮಾಡಿ, ವರ್ಷವಿಡೀ ಸ್ವಲ್ಪ ಸ್ವಲ್ಪ.

ಮೊದಲು ಪಾಲಕರ ಸಭೆ. ಕಾರವಾರ, ತದಡಿ, ಭಟ್ಕಳದಂಥ ಬಂದರಿನ ಊರುಗಳಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವುದಿಲ್ಲ. ಅಪ್ಪಂದಿರು ಮನೆಯಲ್ಲಿ ಸಿಗುವುದು ಆಗಲೇ, ಸಭೆಯನ್ನು ಆಗಲೇ ಇಡಿ. ಮೀನು ಮಾರುವ ತಾಯಂದಿರಿಗೆ ಬೆಳಿಗ್ಗೆ ಬಿಡುವಿರುವುದಿಲ್ಲ, ಮಧ್ಯಾಹ್ನದ ಮೇಲೆ ಕರೆಯಿರಿ. ಶಿರಸಿ, ಸಿದ್ದಾಪುರದ ಕಡೆಯಾದರೆ ಅಡಿಕೆ ಕೊಯ್ಲು ಶುರುವಾಗುವ ಮೊದಲೇ ಮುಗಿಸಿ. ಸಭೆಯಲ್ಲಿ ಸುತ್ತಿ ಬಳಸಿ ಮಾತಾಡಬೇಡಿ. ಯಾವ ಕ್ಲಾಸಿಗೆ ಏನು ಹೇಳುತ್ತೀರಿ, ಯಾವ ಚಿತ್ರ ತೋರಿಸುತ್ತೀರಿ, ಎಲ್ಲವನ್ನೂ ಅವರ ಮುಂದಿಡಿ. "ಇಷ್ಟು ಸಣ್ಣ ಮಕ್ಕಳಿಗೆ ಇದೆಲ್ಲ ಯಾಕೆ ಅಕ್ಕೋರೆ?" ಅಂತ ಒಬ್ಬರಾದರೂ ಕೇಳುತ್ತಾರೆ. ಕೇಳಲಿ. ಮಕ್ಕಳ ಕೈಗೆ ಫೋನು ಸಿಕ್ಕಿದೆ, ಅದರಲ್ಲಿ ಸಿಗುವ ತಪ್ಪು ಉತ್ತರಕ್ಕಿಂತ ಮೊದಲು ಸರಿ ಉತ್ತರ ಸಿಗಬೇಕು ಎಂದು ಹೇಳಿ. ಶಾಲೆಯ ಉಸ್ತುವಾರಿ ಸಮಿತಿ ಎಸ್‌ಡಿಎಂಸಿಯಲ್ಲಿರುವ ತಾಯಂದಿರನ್ನು ಜೊತೆಗಿಟ್ಟುಕೊಂಡರೆ ಅರ್ಧ ಕೆಲಸ ಆದಂತೆಯೇ.

ಒಂದರಿಂದ ಮೂರನೇ ಕ್ಲಾಸಿನವರಿಗೆ ಮೈಯ ಎಲ್ಲ ಅಂಗಗಳ ಹೆಸರು ಗೊತ್ತಿರಬೇಕು, ಖಾಸಗಿ ಅಂಗಗಳದ್ದೂ. ಮನೆಯಲ್ಲಿ ಕೊಂಕಣಿಯೋ ನವಾಯತಿಯೋ ಆಡುವ ಮಕ್ಕಳು ಮನೆಯ ಮಾತಿನಲ್ಲೇ ಹೇಳಲಿ, ಪರವಾಗಿಲ್ಲ, ಏನಾಯಿತೆಂದು ಹೇಳಲು ಬಂದರೆ ಸಾಕು. ಕಡಲಿಗೆ ಆಡಲು ಹೋದಾಗಲೂ ಚಡ್ಡಿ ಮುಚ್ಚಿರುತ್ತದಲ್ಲ, ಆ ಜಾಗವನ್ನು ಯಾರೂ ಸುಮ್ನೆ ಮುಟ್ಟುವಂತಿಲ್ಲ, ನೋಡುವಂತಿಲ್ಲ, ಫೋಟೊ ತೆಗೆಯುವಂತಿಲ್ಲ. ಎದೆಗೂ ಬಾಯಿಗೂ ಇದೇ ನಿಯಮ. ಮೈ ತೊಳೆಸುವಾಗ ಅಮ್ಮ, ಅಮ್ಮನ ಎದುರಿಗೆ ಡಾಕ್ಟರು, ಇಷ್ಟು ಬೇರೆ. ಒಳ್ಳೆಯ ಸ್ಪರ್ಶ, ಕೆಟ್ಟ ಸ್ಪರ್ಶ ಅಂತ ಹೇಳಿ ನಿಲ್ಲಿಸಬೇಡಿ. ತೊಂದರೆ ಕೊಡುವವರು ಹೆಚ್ಚಾಗಿ ಮಗುವಿಗೆ ಗೊತ್ತಿರುವವರೇ, ಚಾಕಲೇಟು ಕೊಟ್ಟು ಮುದ್ದು ಮಾಡುವವರೇ, ಹಾಗಾಗಿ ಆ ಸ್ಪರ್ಶ ಮಗುವಿಗೆ ಕೆಟ್ಟದ್ದು ಅಂತ ಅನ್ನಿಸದೆಯೂ ಇರಬಹುದು. "ಯಾರಿಗೂ ಹೇಳಬೇಡ" ಎಂದು ಯಾರಾದರೂ ಹೇಳಿದರೆ ಅದನ್ನೇ ಮೊದಲು ಬಂದು ಹೇಳಬೇಕು, ಈ ಒಂದು ಮಾತನ್ನು ಮಗ್ಗಿಯ ಹಾಗೆ ಬಾಯಿಪಾಠ ಮಾಡಿಸಿ. ನೆಂಟರಿಗೆ ಮುತ್ತು ಕೊಡಲು ಇಷ್ಟ ಇಲ್ಲದಿದ್ದರೆ ನಮಸ್ಕಾರ ಮಾಡಿದರೆ ಸಾಕು ಅಂತಲೂ ಹೇಳಿ. ದೊಡ್ಡವರಿಗೆ ಮರ್ಯಾದೆ ಕೊಡುವುದು ಬೇರೆ, ಮೈ ಮುಟ್ಟಲು ಬಿಡುವುದು ಬೇರೆ.

ಹುಡುಗಿಯರಲ್ಲಿ 8ರಿಂದ 13 ವರ್ಷದೊಳಗೆ, ಹುಡುಗರಲ್ಲಿ 9ರಿಂದ 14ರೊಳಗೆ ಮೈಯ ಬದಲಾವಣೆ ಶುರುವಾಗುತ್ತದೆ. ಅಂದರೆ ಮುಟ್ಟಿನ ಪಾಠ ನಾಲ್ಕನೇ ಕ್ಲಾಸಿನಲ್ಲೇ ಆಗಬೇಕು. ಮೊದಲ ಸಲ ರಕ್ತ ಕಂಡ ಹುಡುಗಿ ತನಗೇನೋ ರೋಗ ಬಂತು ಅಂತ ಹೆದರಬಾರದು. ಹುಡುಗರನ್ನೂ ಕೂರಿಸಿಯೇ ಹೇಳಿ. ಘಟ್ಟದ ಮೇಲಿನ ಸಣ್ಣ ಶಾಲೆಗಳಲ್ಲಿ ಒಂದು ಕ್ಲಾಸಿಗೆ ಒಬ್ಬಳೇ ಹುಡುಗಿ ಇರುವುದುಂಟು, ಅವಳನ್ನೇ ಬೇರೆ ಕೋಣೆಗೆ ಕರೆದರೆ ಏನಾಗುತ್ತದೆ ಯೋಚಿಸಿ. ಗರ್ಭಕೋಶದ ಒಳಪದರ ಕಳಚಿ ಹೊರಬರುವುದೇ ಮುಟ್ಟು, ಅದು ಕೊಳಕಲ್ಲ. ಮನೆಯಲ್ಲಿ ಹೊರಗೆ ಕೂರಿಸುವ ಪದ್ಧತಿ ಇದ್ದರೆ ಮಕ್ಕಳ ಎದುರಿಗೆ ಅಜ್ಜಿಯನ್ನು ಬೈಯಬೇಡಿ, ಆದರೆ ಶಾಲೆಯಲ್ಲಿ ಅದು ನಡೆಯುವುದಿಲ್ಲ ಎಂದು ಸ್ಪಷ್ಟವಾಗಿ ಹೇಳಿ. ಬಿಸಿಯೂಟ ಎಲ್ಲರ ಸಾಲಿನಲ್ಲೇ, ನೀರಿನ ಕೊಡವನ್ನೂ ಮುಟ್ಟಬಹುದು.

ನಮ್ಮ ಕರಾವಳಿಯಲ್ಲಿ ಮಳೆಗಾಲದ ಮಾತು ಬೇರೆಯೇ ಹೇಳಬೇಕು. ಜೂನ್, ಜುಲೈನಲ್ಲಿ ಬಟ್ಟೆ ಒಣಗುವುದೇ ಇಲ್ಲ. ಮುಟ್ಟಿನ ಬಟ್ಟೆಯನ್ನು ನಾಚಿಕೆಗೆ ಬೇರೆ ಬಟ್ಟೆಯ ಅಡಿಗೆ ಮುಚ್ಚಿ ಹಾಕಿದರೆ ಹಸಿಯಾಗಿಯೇ ಉಳಿಯುತ್ತದೆ, ಅದನ್ನೇ ಉಟ್ಟರೆ ತುರಿಕೆ, ಸೋಂಕು. ತಣ್ಣೀರಲ್ಲಿ ನೆನೆಸಿ, ಸೋಪು ಹಚ್ಚಿ ತೊಳೆದು, ಬಿಸಿಲಿಲ್ಲದಾಗ ಬಚ್ಚಲೊಲೆಯ ಹತ್ತಿರ ಬಿಚ್ಚಿ ಹರಡಲಿ, ಇಸ್ತ್ರಿ ಪೆಟ್ಟಿಗೆ ಇದ್ದರೆ ಪೂರ್ತಿ ಒಣಗಿಸಿಕೊಳ್ಳಲಿ. ಬಟ್ಟೆಯಾಗಲಿ ಪ್ಯಾಡಾಗಲಿ ನಾಲ್ಕರಿಂದ ಆರು ತಾಸಿಗೊಮ್ಮೆ ಬದಲಿಸಬೇಕು. ಬಳಸಿದ ಪ್ಯಾಡನ್ನು ಪೇಪರಿನಲ್ಲಿ ಸುತ್ತಿ ಕಸದ ಡಬ್ಬಕ್ಕೆ ಹಾಕಬೇಕು, ಹೊಳೆಗೂ ಅಲ್ಲ, ಶೌಚಾಲಯದ ಗುಂಡಿಗೂ ಅಲ್ಲ. ಸರ್ಕಾರದ ಶುಚಿ ಯೋಜನೆಯ ಪ್ಯಾಡು ಬಂದರೆ ಒಳ್ಳೆಯದು, ಬಾರದ ತಿಂಗಳಿಗೂ ಶಾಲೆಯ ಕಪಾಟಿನಲ್ಲಿ ಎರಡು ಪ್ಯಾಕೆಟ್, ಒಂದು ಜೊತೆ ಸಮವಸ್ತ್ರ ಇರಲಿ. ಬೀಗದ ಕೈ ಯಾರ ಹತ್ತಿರ ಎಂದು ಹುಡುಗಿಯರಿಗೆ ಗೊತ್ತಿರಬೇಕು. ಹುಡುಗರಿಗೆ ದನಿ ಒಡೆಯುವುದು, ನಿದ್ದೆಯಲ್ಲಿ ವೀರ್ಯ ಹೋಗುವುದು ರೋಗವಲ್ಲ ಅಂತ ಆರನೇ ಕ್ಲಾಸಿನಲ್ಲಿ ಹೇಳಿ, ಮಾಸ್ತರು ಹೇಳಿದರೆ ಇನ್ನೂ ಒಳ್ಳೆಯದು.

ಪ್ರಶ್ನೆಗಳಿಗೆ ಒಂದು ಡಬ್ಬ ಇಡಿ, ಆದರೆ ಎಲ್ಲರೂ ಚೀಟಿ ಹಾಕಬೇಕು. ಪ್ರಶ್ನೆ ಇಲ್ಲದವರು ಬೆಳಿಗ್ಗೆ ಏನು ತಿಂದೆ ಅಂತ ಬರೆಯಲಿ. ಆಗ ಕೇಳಿದವರು ಯಾರೆಂದು ಗೆಳೆಯರಿಗೆ ತಿಳಿಯುವುದಿಲ್ಲ. ಅಕ್ಷರದಿಂದ ನಿಮಗೆ ಗೊತ್ತಾಗಬಹುದು, ಅದನ್ನು ಮಕ್ಕಳಿಗೆ ಮೊದಲೇ ಹೇಳಿಬಿಡಿ. ಪಾಪು ಹೊಟ್ಟೆಯೊಳಗೆ ಹೇಗೆ ಹೋಯಿತು ಎಂಬ ಪ್ರಶ್ನೆ ಬಂದೇ ಬರುತ್ತದೆ. ಅಪ್ಪನಿಂದ ಒಂದು ಕಣ, ಅಮ್ಮನಿಂದ ಒಂದು ಕಣ ಸೇರಿ ಗರ್ಭಕೋಶದಲ್ಲಿ ಮಗು ಬೆಳೆಯುತ್ತದೆ ಅಂದರೆ ಸಣ್ಣವರಿಗೆ ಸಾಕು. ದೇವರು ಕೊಟ್ಟ ಅಂತ ತಪ್ಪಿಸಿಕೊಳ್ಳಬೇಡಿ. ಗೋಡೆ ಮೇಲೆ ಇಬ್ಬರ ಹೆಸರು ಸೇರಿಸಿ ಬರೆದು ರೇಗಿಸುವುದೂ ಪಾಠಕ್ಕೆ ಬರಲಿ, ಅದರಿಂದ ಶಾಲೆಗೆ ಬರಲು ಹಿಂಜರಿಯುವ ಹುಡುಗಿಯರಿದ್ದಾರೆ.

ಪಾಠ ಸರಿಯಾಗಿ ಆದರೆ ಒಂದು ದಿನ ಒಂದು ಮಗು ಬಂದು ಏನೋ ಹೇಳಬಹುದು. ಆಗ ಏನು ಮಾಡಬೇಕು ಅಂತ ಪಾಠಕ್ಕೆ ಮೊದಲೇ ತಿಳಿದಿರಬೇಕು. ಪೂರ್ತಿ ಕೇಳಿ. "ನೀನು ಹೇಳಿದ್ದು ಒಳ್ಳೆಯದಾಯಿತು, ನಿನ್ನ ತಪ್ಪಲ್ಲ" ಅನ್ನಿ. ಯಾರಿಗೂ ಹೇಳುವುದಿಲ್ಲ ಅಂತ ಮಾತು ಕೊಡಬೇಡಿ, ಯಾಕೆಂದರೆ ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡುವ 2012ರ ಪೋಕ್ಸೊ ಕಾಯ್ದೆ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು, ತಿಳಿಸದಿದ್ದರೆ ಶಿಕ್ಷೆ ಇದೆ. ಕೆದಕಿ ಕೆದಕಿ ಕೇಳಬೇಡಿ. ಮಗು ಆಡಿದ ಮಾತನ್ನು ಹಾಗೆಯೇ ತಾರೀಖು, ಹೊತ್ತು ಸಮೇತ ಬರೆದಿಡಿ. ಊರ ಹಿರಿಯರು ರಾಜಿ ಮಾಡೋಣ ಅಂತ ಬಂದರೆ ಒಪ್ಪಬೇಡಿ. ಗಂಡು ಮಗುವಾದರೂ ಕಾಯ್ದೆ ಅದೇ. ಪಾಲಕರು ಸ್ಟೇಷನ್ನಿಗೆ ಹೆದರುತ್ತಾರೆ, ಅವರಿಗೆ ಇದನ್ನು ತಿಳಿಸಿ: ಮಗುವಿನ ಹೇಳಿಕೆಯನ್ನು ಮನೆಯಲ್ಲೇ ಪಡೆಯಬಹುದು, ಬರುವ ಪೊಲೀಸರು ಸಮವಸ್ತ್ರದಲ್ಲಿ ಇರಬಾರದು, ರಾತ್ರಿ ಯಾವ ಕಾರಣಕ್ಕೂ ಮಗುವನ್ನು ಸ್ಟೇಷನ್ನಿನಲ್ಲಿ ಇರಿಸಿಕೊಳ್ಳುವಂತಿಲ್ಲ, ಹೆಸರು ಪತ್ರಿಕೆಯಲ್ಲಿ ಬರುವಂತಿಲ್ಲ.

ಮಕ್ಕಳ ಸಹಾಯವಾಣಿ 1098. ಇದನ್ನು ಆಫೀಸಿನೊಳಗೆ ಬರೆದರೆ ಮಕ್ಕಳಿಗೆ ಕಾಣುವುದಿಲ್ಲ. ಕೈ ತೊಳೆಯುವ ನಳದ ಹತ್ತಿರ, ಒಂದನೇ ಕ್ಲಾಸಿನವರ ಕಣ್ಣಿಗೆ ಬೀಳುವ ಎತ್ತರದಲ್ಲಿ, ಮಳೆಗೆ ಹೋಗದ ಬಣ್ಣದಲ್ಲಿ ಬರೆಸಿ.