ಯೂಟ್ಯೂಬ್ ಜಾಹೀರಾತಿಗೆ ದುಡ್ಡು ಕೊಟ್ಟವರು ಯಾರು? ಪತ್ತೆ ಹಚ್ಚುವುದು ಹೀಗೆ

ಮೋಸದ ಜಾಹೀರಾತು ಕಂಡ ಕೂಡಲೇ ಸುಮಾರು ಜನ ಸಿಟ್ಟಿನಲ್ಲಿ ವಿಡಿಯೊ ಕೆಳಗಿನ ರಿಪೋರ್ಟ್ ಬಟನ್ ಒತ್ತಿಬಿಡುತ್ತಾರೆ. ಆ ದೂರು ಹೋಗುವುದು ಯಾರ ಮೇಲೆ? ಪಾಪ, ಬಿಸಿಬೇಳೆಬಾತ್ ಹೇಳಿಕೊಡುತ್ತಿದ್ದ ಚಾನೆಲ್ ಮೇಲೆ! ಜಾಹೀರಾತಿನ ಮೇಲೆ ದೂರು ಕೊಡುವ ದಾರಿಯೇ ಬೇರೆ.

1. ಜಾಹೀರಾತನ್ನು ನಿಲ್ಲಿಸಿ, ಸ್ಕ್ರೀನ್‌ಶಾಟ್ ತೆಗೆದುಕೊಳ್ಳಿ. ಸ್ಕಿಪ್ ಮಾಡಿದರೆ ಮತ್ತೆ ಸಿಗುವ ಖಾತ್ರಿಯಿಲ್ಲ. ‘ಏನಿದೆ ನೋಡೋಣ’ ಅಂತ ಲಿಂಕ್ ಮಾತ್ರ ಒತ್ತಬೇಡಿ.

2. ಜನ ಎಡವುವುದು ಇಲ್ಲೇ. ‘ಪ್ರಾಯೋಜಿತ’ ಅಥವಾ ‘ಸ್ಪಾನ್ಸರ್ಡ್’ ಎಂಬ ಪದದ ಪಕ್ಕ ಮೂರು ಚುಕ್ಕಿ ಇಲ್ಲವೇ ವೃತ್ತದೊಳಗೆ ‘ಐ’ ಅಕ್ಷರ ಇರುತ್ತದೆ. ತುಂಬಾ ಚಿಕ್ಕದು. ಬೆರಳು ಸ್ವಲ್ಪ ಜಾರಿದರೂ ಜಾಹೀರಾತೇ ತೆರೆದುಕೊಳ್ಳುತ್ತದೆ, ನಿಧಾನವಾಗಿ ಒತ್ತಿ. ‘ಮೈ ಆಡ್ ಸೆಂಟರ್’ ಬರುತ್ತದೆ. ಜಾಹೀರಾತುದಾರರ ಹೆಸರು, ಊರು ಅಥವಾ ದೇಶ ಅಲ್ಲಿ ಸಿಗುತ್ತದೆ.

ಈಗ ಆ ಹೆಸರು ಓದಿ. ಉದಾಹರಣೆಗೆ, ಟ್ರೇಡಿಂಗ್ ಆ್ಯಪ್ ಒಂದರ ಜಾಹೀರಾತು ವಿಡಿಯೊದಲ್ಲಿ ಇನ್ಫೊಸಿಸ್‌ನ ಎನ್.ಆರ್. ನಾರಾಯಣ ಮೂರ್ತಿಯವರ ಮುಖ, ಅವರದೇ ಅನ್ನಿಸುವ ದನಿ. ದುಡ್ಡು ಕೊಟ್ಟವರು ಮಾತ್ರ ಯಾವುದೋ ದೇಶದ, ಕೇಳರಿಯದ ಹೆಸರಿನವರು. ಇದಕ್ಕಿಂತ ಸಾಕ್ಷಿ ಬೇಕಾ? ಇಂಥ ಟ್ರೇಡಿಂಗ್ ಆ್ಯಪ್‌ಗಳಿಗೂ ತಮಗೂ ಸಂಬಂಧವಿಲ್ಲ, ವಿಡಿಯೊಗಳು ನಕಲಿ ಎಂದು ಮೂರ್ತಿಯವರು 2023ರ ಡಿಸೆಂಬರ್‌ನಲ್ಲೇ ಹೇಳಿದ್ದಾರೆ.

‘ಗೂಗಲ್ ಪರಿಶೀಲಿಸಿದೆ’ ಎಂಬ ಸಾಲು ಕಂಡು ಸಮಾಧಾನಪಡಬೇಡಿ. ಜಾಹೀರಾತುದಾರ ತನ್ನ ಗುರುತಿನ ದಾಖಲೆ ಕೊಟ್ಟಿದ್ದಾನೆ ಅಂತ ಅಷ್ಟೇ ಅದರ ಅರ್ಥ. ಅವನು ಹೇಳುತ್ತಿರುವುದು ನಿಜವೋ ಸುಳ್ಳೋ ಎಂಬುದಕ್ಕೆ ಅದು ಗ್ಯಾರಂಟಿ ಅಲ್ಲ. ಅದೇ ಹೆಸರನ್ನು ಗೂಗಲ್‌ನ ‘ಆಡ್ಸ್ ಟ್ರಾನ್ಸ್‌ಪರೆನ್ಸಿ ಸೆಂಟರ್’ನಲ್ಲಿ ಹುಡುಕಿ. 2023ರಲ್ಲಿ ಶುರುವಾದ ಈ ತಾಣದಲ್ಲಿ ಅವರ ಬೇರೆ ಜಾಹೀರಾತುಗಳೂ ಕಾಣುತ್ತವೆ. ಒಂದರಲ್ಲಿ ಶೇರು, ಇನ್ನೊಂದರಲ್ಲಿ ಮಂಡಿನೋವಿನ ಎಣ್ಣೆ ಇದ್ದರೆ ನಾನಂತೂ ಮುಂದೆ ನೋಡಲು ಹೋಗುವುದಿಲ್ಲ.

ಡೀಪ್‌ಫೇಕ್ (ಎಐ ಬಳಸಿ ಮುಖ, ದನಿ ನಕಲು ಮಾಡಿದ ವಿಡಿಯೊ) ಹಿಡಿಯುತ್ತೇವೆ ಎನ್ನುವ ಆ್ಯಪ್‌ಗಳನ್ನು ಸುಮ್ನೆ ಫೋನಿಗೆ ತುಂಬಬೇಡಿ. ತುಟಿ ಮಾತಿಗೆ ಹೊಂದುತ್ತಾ ಎಂದು ನೋಡುವ ಉಪಾಯವೂ ಈಗ ಹಳತಾಯಿತು, ನಕಲಿಗಳು ಅಷ್ಟು ಸುಧಾರಿಸಿವೆ.

3. ಅದೇ ಪುಟದಲ್ಲಿ ‘ರಿಪೋರ್ಟ್ ಆಡ್’ ಒತ್ತಿ, ಕಾರಣ ಆರಿಸಿ, ಕಳಿಸಿ. ‘ಬ್ಲಾಕ್’ ಒಂದನ್ನೇ ಒತ್ತಿದರೆ ನಿಮಗಷ್ಟೇ ಕಾಣುವುದಿಲ್ಲ, ಪಕ್ಕದ ಮನೆಯ ಅಜ್ಜನಿಗೆ ಕಾಣುತ್ತಲೇ ಇರುತ್ತದೆ.

4. ಹೂಡಿಕೆಯ ಮಾತಾದರೆ ಷೇರುಪೇಟೆ ನಿಯಂತ್ರಿಸುವ ಸಂಸ್ಥೆಯಾದ ಸೆಬಿಯ ವೆಬ್‌ಸೈಟಿನಲ್ಲಿ ಅವರ ನೋಂದಣಿ ಇದೆಯಾ ನೋಡಿ. ಸಕ್ಕರೆ ಕಾಯಿಲೆ ಪೂರ್ತಿ ವಾಸಿ ಅನ್ನುವ ಔಷಧಿಯಾದರೆ ಹುಡುಕಾಟವೇ ಬೇಡ. ಹಾಗೆ ಜಾಹೀರಾತು ಕೊಡುವುದೇ 1954ರ ಮ್ಯಾಜಿಕ್ ರೆಮಿಡೀಸ್ ಕಾಯ್ದೆ ಪ್ರಕಾರ ಅಪರಾಧ.

5. ದುಡ್ಡು ಹೋಗಿದೆಯಾ? ಮನೆಯವರು ಬೈದಾರು ಅಂತ ಸಂಜೆವರೆಗೆ ಕಾಯಬೇಡಿ. ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ಬ್ಯಾಂಕಿಗೂ ತಿಳಿಸಿ. ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ ಹಾರುವ ಮೊದಲೇ ತಡೆಹಿಡಿಯಬೇಕು, ತಡವಾದಷ್ಟೂ ಕಷ್ಟ. ಹಣ ಕಳಿಸಿದ ವ್ಯವಹಾರದ ಗುರುತಿನ ಸಂಖ್ಯೆ, ಅಂದರೆ ಯುಟಿಆರ್ ಸಂಖ್ಯೆ ಕೈಯಲ್ಲಿರಲಿ. ಸೈಬರ್‌ಕ್ರೈಮ್ ಪೋರ್ಟಲ್‌ನಲ್ಲೂ ದೂರು ದಾಖಲಿಸಿ, ಸ್ಕ್ರೀನ್‌ಶಾಟ್ ಲಗತ್ತಿಸಿ. ಆಮೇಲೆ ಯಾರಾದರೂ ಫೋನ್ ಮಾಡಿ ‘ನಿಮ್ಮ ಹಣ ವಾಪಸ್ ಕೊಡಿಸ್ತೀವಿ, ಮೊದಲು ಫೀಸು ಕಟ್ಟಿ’ ಅಂದರೆ ಅದು ಎರಡನೇ ಮೋಸ. 1930ರವರು ಫೀಸು ಕೇಳುವುದಿಲ್ಲ.